ಸೇವ್ ಫೈಲ್‌ನೊಳಗೆ ದಾಳವೂ ಇರುತ್ತದೆ

"ಕಾಕಾ, ತೊಂಬತ್ತು ಪರ್ಸೆಂಟ್ ತೋರಸ್ತೈತ್ರಿ, ಆದ್ರೂ ಗುಂಡು ತಪ್ಪತೈತಿ. ಲೋಡ್ ಮಾಡಿ ಮತ್ತ ಹೊಡದೆ, ಮತ್ತ ತಪ್ಪಿತು. ಎಷ್ಟ ಸಲ ಲೋಡ್ ಮಾಡಿದ್ರೂ ಅದೇ ಗುಂಡು, ಅದೇ ಗ್ವಾಡಿಗೆ ಬಡಿತೈತಿ. ಇದು ಮೋಸ ಅಲ್ಲೇನ್ರಿ?"

ವಿಜಯಪುರದಲ್ಲಿ ಎಂಜಿನಿಯರಿಂಗ್ ಓದುತ್ತಿರುವ ನಮ್ಮ ಅಣ್ಣನ ಮಗನ ಪ್ರಶ್ನೆ ಇದು. ಅವನು ಆಡುತ್ತಿದ್ದದ್ದು 2012ರಲ್ಲಿ ಬಂದ 'ಎಕ್ಸ್‌ಕಾಮ್: ಎನಿಮಿ ಅನ್‌ನೋನ್'. ಭೂಮಿಯ ಮೇಲೆ ದಾಳಿ ಮಾಡಿದ ಅನ್ಯಗ್ರಹದವರ ವಿರುದ್ಧ ನಾಲ್ಕಾರು ಸೈನಿಕರ ತಂಡ ಕಟ್ಟಿಕೊಂಡು ಹೋರಾಡುವ ಆಟ. ಎಲ್ಲ ಸರದಿ ಪ್ರಕಾರ ನಡೆಯುತ್ತದೆ. ಮೊದಲು ನಮ್ಮ ಪಾಳಿ, ಆಮೇಲೆ ಶತ್ರುವಿನ ಪಾಳಿ. ಗುಂಡು ಹೊಡೆಯುವ ಮುಂಚೆ ಅದು ತಗಲುವ ಸಾಧ್ಯತೆ ಎಷ್ಟು ಅಂತ ಪರದೆಯ ಮೇಲೆ ಬರುತ್ತದೆ.

ಮೋಸ ಅಲ್ಲ. ಆದರೆ ಅವನು ಬೆರಳು ಇಟ್ಟಿರುವ ಜಾಗ ಸರಿಯಾಗಿದೆ. ಆಟದಲ್ಲಿ ಏನಾದರೂ ಕೆಟ್ಟಾಗ ಹಳೆಯ ಸೇವ್, ಅಂದರೆ ಮೊದಲೇ ಉಳಿಸಿಟ್ಟ ಆಟವನ್ನು, ಲೋಡ್ ಮಾಡಿ ಸರಿ ಮಾಡಿಕೊಳ್ಳುವುದಕ್ಕೆ ಗೇಮ್ ಆಡುವವರು ಸೇವ್ ಸ್ಕಮ್ಮಿಂಗ್ ಅನ್ನುತ್ತಾರೆ. ತಂತ್ರದ ಆಟ ಆಡುವವರ ನಡುವೆ ಇದರ ಬಗ್ಗೆ ಜಗಳ ಇದ್ದದ್ದೇ. "ನನ್ನ ಆಟ, ನನ್ನ ಇಷ್ಟ" ಅನ್ನುವವರು ಕೆಲವರು. "ಹಂಗಾದ್ರ ಆಡೋದಾದ್ರೂ ಯಾಕ" ಅನ್ನುವವರು ಇನ್ನು ಕೆಲವರು. ನನಗನ್ನಿಸುವುದು, ಇಬ್ಬರೂ ಲೋಡ್ ಮಾಡುವುದನ್ನು ಒಂದೇ ಕೆಲಸ ಅಂದುಕೊಂಡಿದ್ದಾರೆ. ಅದು ಒಂದೇ ಕೆಲಸ ಅಲ್ಲ. ಆ ಬಟನ್ ಒತ್ತಿದಾಗ ಒಳಗೆ ಏನಾಗುತ್ತದೆ ಅಂತ ನೋಡಿದರೆ ಅರ್ಧ ಜಗಳ ಅಲ್ಲಿಗೇ ಮುಗಿಯುತ್ತದೆ.

ಫೈಲ್‌ನಲ್ಲಿ ಏನೇನಿದೆ

ಸೇವ್ ಫೈಲ್ ಅಂದರೆ ಒಂದು ಉದ್ದನೆಯ ಪಟ್ಟಿ. ಯಾವ ಸೈನಿಕ ಯಾವ ಚೌಕದಲ್ಲಿ ನಿಂತಿದ್ದಾನೆ, ಅವನ ಜೀವ ಎಷ್ಟು ಉಳಿದಿದೆ, ಬಂದೂಕಿನಲ್ಲಿ ಗುಂಡು ಎಷ್ಟಿವೆ, ಖಜಾನೆಯಲ್ಲಿ ದುಡ್ಡು ಎಷ್ಟಿದೆ, ನಾವಿನ್ನೂ ನೋಡದ ಶತ್ರು ಎಲ್ಲಿ ಅಡಗಿ ಕೂತಿದ್ದಾನೆ. ಎಲ್ಲವೂ ಅದರಲ್ಲಿ ಇರುತ್ತದೆ. ಇದರ ಜೊತೆ ಎಷ್ಟೋ ಆಟಗಳು ಇನ್ನೂ ಒಂದು ಸಂಖ್ಯೆಯನ್ನು ಬರೆದಿಡುತ್ತವೆ. ಅದರ ಹೆಸರು ಸೀಡ್. ಅಣ್ಣನ ಮಗನನ್ನು ಕಾಡಿದ್ದು ಈ ಸೀಡ್‌ನದೇ ಆಟ.

ಕಂಪ್ಯೂಟರಿಗೆ ಕವಡೆ ಎಸೆಯಲು ಬರುವುದಿಲ್ಲ. ಅದಕ್ಕೆ ಬರುವುದು ಲೆಕ್ಕ ಒಂದೇ. ಹಾಗಾಗಿ ದಾಳ ಬಿದ್ದಂತೆ ಕಾಣುವ ಸಂಖ್ಯೆಗಳನ್ನೂ ಅದು ಲೆಕ್ಕ ಹಾಕಿಯೇ ಹುಟ್ಟಿಸುತ್ತದೆ. ಕೈಯಲ್ಲಿರುವ ಸಂಖ್ಯೆಯನ್ನು ಗುಣಿಸುತ್ತದೆ, ಏನೋ ಕೂಡಿಸುತ್ತದೆ, ಇನ್ನೊಂದರಿಂದ ಭಾಗಿಸುತ್ತದೆ. ಕೊನೆಗೆ ಉಳಿದ ಶೇಷವೇ ಈ ಸಲದ ದಾಳ. ಮುಂದಿನ ಸಲ ಆ ಶೇಷದಿಂದಲೇ ಮತ್ತೆ ಲೆಕ್ಕ ಶುರು. 1950ರ ಆಸುಪಾಸಿನಲ್ಲಿ ಡಿ. ಎಚ್. ಲೆಹ್ಮರ್ ಎಂಬ ಗಣಿತಜ್ಞರು ಈ ಬಗೆಯ ವಿಧಾನವನ್ನು ಮುಂದಿಟ್ಟರು. ಇವತ್ತಿನ ಆಟಗಳಲ್ಲಿ ಲೆಕ್ಕ ತುಂಬಾ ಜಟಿಲವಾಗಿರಬಹುದು, ಮೂಲ ಉಪಾಯ ಮಾತ್ರ ಇದೇ.

ಕಾಗದ, ಪೆನ್ನು ಇದ್ದರೆ ನೀವೇ ಒಂದು ಚಿಕ್ಕದನ್ನು ಮಾಡಿ ನೋಡಬಹುದು. ಸಂಖ್ಯೆಯನ್ನು 5ರಿಂದ ಗುಣಿಸಿ, 3 ಕೂಡಿಸಿ, 16ರಿಂದ ಭಾಗಿಸಿ, ಶೇಷ ಇಟ್ಟುಕೊಳ್ಳಿ. 7ರಿಂದ ಶುರು ಮಾಡೋಣ. ಐದೇಳ್ಲೆ ಮೂವತ್ತೈದು, ಮೂರು ಕೂಡಿಸಿದರೆ 38, ಹದಿನಾರರಿಂದ ಭಾಗಿಸಿದರೆ ಶೇಷ 6. ಈಗ 6 ತೆಗೆದುಕೊಳ್ಳಿ: 33 ಬರುತ್ತದೆ, ಶೇಷ 1. ಒಂದರಿಂದ 8. ಎಂಟರಿಂದ 43, ಶೇಷ 11. ಹೀಗೇ ಮುಂದೆ ಹೋದರೆ 10, 5, 12, 15, 14, 9, 0, 3, 2, 13, 4 ಬಂದು ಮತ್ತೆ 7ಕ್ಕೆ ತಿರುಗುತ್ತದೆ. ಸೊನ್ನೆಯಿಂದ ಹದಿನೈದರವರೆಗೆ ಎಲ್ಲವೂ ಒಂದೊಂದು ಸಲ ಬಂದವು, ಚೆಲ್ಲಾಪಿಲ್ಲಿಯಾಗಿ. ಚುರುಕು ಕಣ್ಣಿನವರಿಗೆ ಬೆಸ ಒಂದು, ಸಮ ಒಂದು ಬರುತ್ತಿರುವುದು ಕಾಣುತ್ತದೆ. ಇಂಥ ಗುಟ್ಟು ಬಯಲಾಗಬಾರದು ಅಂತಲೇ ನಿಜವಾದ ಆಟಗಳು ಇದಕ್ಕಿಂತ ಗಟ್ಟಿ ಲೆಕ್ಕ ಬಳಸುತ್ತವೆ.

ಈಗ ಇದನ್ನು ಬಂದೂಕಿಗೆ ಜೋಡಿಸೋಣ. ಬಂದ ಸಂಖ್ಯೆ 10ಕ್ಕಿಂತ ಕಡಿಮೆ ಇದ್ದರೆ ಗುಂಡು ತಗಲಿತು, 10 ಅಥವಾ ಜಾಸ್ತಿ ಇದ್ದರೆ ತಪ್ಪಿತು. ಹದಿನಾರರಲ್ಲಿ ಹತ್ತು ಸಲ ತಗಲುತ್ತದೆ, ಅಂದರೆ 62.5%. ನೀವು ಸೇವ್ ಮಾಡಿದ ಹೊತ್ತಿಗೆ ಕೈಯಲ್ಲಿರುವ ಸಂಖ್ಯೆ 8 ಅಂತ ಇಟ್ಟುಕೊಳ್ಳಿ. ಗುಂಡು ಹೊಡೆದಿರಿ, 11 ಬಂತು, ತಪ್ಪಿತು. ಲೋಡ್ ಮಾಡಿದಿರಿ. ಫೈಲ್‌ನಿಂದ ಸೈನಿಕ ಬಂದ, ಶತ್ರು ಬಂದ, 8 ಕೂಡ ಬಂತು. ಮತ್ತೆ ಹೊಡೆದರೆ ಐದೆಂಟ್ಲೆ ನಲವತ್ತು, ಮೂರು ಕೂಡಿಸಿದರೆ 43, ಶೇಷ 11. ರಾತ್ರಿಯಿಡೀ ಕೂತು ಲೋಡ್ ಮಾಡಿದರೂ ಐದೆಂಟ್ಲೆ ನಲವತ್ತೇ ಅಲ್ವಾ?

ಚೌಕಾಬಾರಾ ಆಡಿದವರಿಗೆ ಇದನ್ನು ಬೇರೆ ಥರ ಹೇಳಬಹುದು. ಆಟ ಶುರುವಾಗುವ ಮುಂಚೆಯೇ ಅಜ್ಜಿ ಕವಡೆಗಳನ್ನು ಸಾಲಾಗಿ ಎಸೆದು, ಬಿದ್ದದ್ದನ್ನೆಲ್ಲ ಒಂದು ನೋಟ್‌ಬುಕ್‌ನಲ್ಲಿ ಬರೆದಿಟ್ಟಿದ್ದಾರೆ. ನಮ್ಮ ಪಾಳಿ ಬಂದಾಗ ಕವಡೆ ಎಸೆಯುವ ಬದಲು ಆ ಪುಸ್ತಕದ ಮುಂದಿನ ಸಾಲು ಓದುತ್ತಾರೆ. ನಾವು ಎಷ್ಟನೇ ಸಾಲಿನಲ್ಲಿದ್ದೇವೆ ಅನ್ನುವುದೂ ಸೇವ್ ಫೈಲ್‌ನಲ್ಲಿ ಇದೆ. ಹಿಂದಕ್ಕೆ ಹೋದರೆ ಪುಸ್ತಕವೂ ಅದೇ ಸಾಲಿಗೆ ಹಿಂದಕ್ಕೆ ಬರುತ್ತದೆ.

ಗುಟ್ಟು ಗೊತ್ತಾದ ಆಟಗಾರರು ಸುಮ್ನೆ ಕೂರುವುದಿಲ್ಲ. ನಮ್ಮ ಪಟ್ಟಿಯಲ್ಲಿ 8 ಆದ ಮೇಲೆ 11, 10, 5 ಇವೆ. ಮೊದಲ ಎರಡು ತಪ್ಪುತ್ತವೆ, ಮೂರನೆಯದು ತಗಲುತ್ತದೆ. ಹಾಗಾದರೆ ಲೋಡ್ ಮಾಡಿ, ಬೇಡದ ಇಬ್ಬರು ಸೈನಿಕರ ಕೈಯಲ್ಲಿ ಮೊದಲು ಹೊಡೆಸಿ. ಆ ಎರಡು ಕೆಟ್ಟ ಸಂಖ್ಯೆ ಅವರ ಪಾಲಿಗೆ ಹೋಗುತ್ತವೆ. ಆಮೇಲೆ ದೊಡ್ಡ ಬಂದೂಕಿನವನು ಹೊಡೆದರೆ ಸರಿಯಾಗಿ ಬೀಳುತ್ತದೆ. ಎಕ್ಸ್‌ಕಾಮ್‌ನಲ್ಲಿ ಸೀಡ್ ಸೇವ್ ಆಗುತ್ತದೆ, ಆದರೆ ಕೆಲಸಗಳ ಕ್ರಮ ಬದಲಿಸಿದರೆ ಫಲವೂ ಬದಲಾಗುತ್ತದೆ. ಇದನ್ನು ಅಣ್ಣನ ಮಗನಿಗೆ ಹೇಳಿದಾಗ ಅವನ ಮುಖ ಅರಳಿತು. ನನಗೆ ಅಷ್ಟು ಖುಷಿ ಆಗಲಿಲ್ಲ. ಈ ಉಪಾಯ ಹಿಡಿದವನು ಸೇನಾಪತಿಯ ಕುರ್ಚಿಯಿಂದ ಎದ್ದು ಗುಮಾಸ್ತನ ಕುರ್ಚಿಯಲ್ಲಿ ಕೂರುತ್ತಾನೆ. ಯಾವ ಗೋಡೆಯ ಮರೆ ಒಳ್ಳೆಯದು, ಯಾರನ್ನು ಮುಂದೆ ಕಳಿಸಬೇಕು ಅನ್ನುವ ಯೋಚನೆ ಹೋಗಿ, ಯಾವ ಸಂಖ್ಯೆ ಯಾರ ಖಾತೆಗೆ ಹಾಕಬೇಕು ಅನ್ನುವ ಯೋಚನೆ ಬರುತ್ತದೆ.

ಎಲ್ಲ ಆಟಗಳೂ ಹೀಗೆ ಮಾಡುವುದಿಲ್ಲ. ಲೋಡ್ ಆದಾಗ ಗಡಿಯಾರ ನೋಡಿ ಹೊಸ ಸೀಡ್ ತೆಗೆದುಕೊಳ್ಳುವ ಆಟಗಳಿವೆ. ಅಲ್ಲಿ ಪ್ರತಿ ಲೋಡ್‌ಗೂ ಹೊಸ ದಾಳ. ನಾಗರಿಕತೆ ಕಟ್ಟಿ ಬೆಳೆಸುವ ಆಟವಾದ 2001ರ 'ಸಿವಿಲೈಜೇಶನ್ 3'ರಲ್ಲಿ ಸೀಡ್ ಹಾಗೇ ಇಡಬೇಕೋ ಬೇಡವೋ ಅನ್ನುವ ಆಯ್ಕೆಯನ್ನು ಆಟಗಾರನಿಗೇ ಕೊಟ್ಟರು. 2005ರ 'ಸಿವಿಲೈಜೇಶನ್ 4'ರಲ್ಲೂ ಲೋಡ್ ಮಾಡಿದಾಗ ಹೊಸ ಸೀಡ್ ಬರಲಿ ಅಂತ ಟಿಕ್ ಮಾಡುವ ಆಯ್ಕೆ ಇತ್ತು. ಎಕ್ಸ್‌ಕಾಮ್ ಮಾಡಿದ ಫಿರಾಕ್ಸಿಸ್ ಕಂಪನಿ ಅದೇ ಆಟದ ವಿಸ್ತರಣೆಯಾದ 2013ರ 'ಎನಿಮಿ ವಿದಿನ್'ನಲ್ಲಿ ಇಂಥದೇ ಆಯ್ಕೆಗೆ ನೇರವಾಗಿ ಸೇವ್ ಸ್ಕಮ್ ಅಂತಲೇ ಹೆಸರಿಟ್ಟಿತು. ಇದು ನನಗೆ ಇಷ್ಟವಾದ ದಾರಿ. ಬಾಗಿಲು ಎಲ್ಲಿದೆ ಅಂತ ತೋರಿಸಿ, ಹೋಗುವುದು ಬಿಡುವುದು ನಿಮಗೆ ಬಿಟ್ಟದ್ದು ಅಂದಂತೆ.

ಸೇವ್ ಬಂದದ್ದು ಮೋಸಕ್ಕಲ್ಲ

ಸೇವ್ ಹುಟ್ಟಿದ್ದು ಆಟವನ್ನು ನಿಲ್ಲಿಸಿ ನಾಳೆ ಮುಂದುವರಿಸುವುದಕ್ಕೆ. ಸಿವಿಲೈಜೇಶನ್‌ನ ಒಂದು ಪೂರ್ತಿ ಆಟ ಒಂದೇ ಸಲಕ್ಕೆ ಕೂತು ಮುಗಿಸುವಂಥದ್ದಲ್ಲ. ಊಟ ಇದೆ, ನಿದ್ದೆ ಇದೆ, ಬೆಳಿಗ್ಗೆ ಕಾಲೇಜು ಇದೆ.

ಮೊದಮೊದಲು ಇದನ್ನು ಬಿಗಿಯಾಗಿಯೇ ಇಟ್ಟಿದ್ದರು. 1980ರ ಹೊತ್ತಿಗೆ ಅಮೆರಿಕದ ವಿಶ್ವವಿದ್ಯಾಲಯದ ಕಂಪ್ಯೂಟರುಗಳಲ್ಲಿ 'ರೋಗ್' ಅನ್ನುವ ಆಟ ಬಂತು. ಮೈಕಲ್ ಟಾಯ್, ಗ್ಲೆನ್ ವಿಚ್‌ಮನ್ ಅದನ್ನು ಬರೆದವರು. ನೆಲಮಾಳಿಗೆ ಇಳಿಯುತ್ತಾ ಹೋಗಬೇಕು, ಸತ್ತರೆ ಮೊದಲಿನಿಂದ. ಅದರಲ್ಲೂ ಸೇವ್ ಇತ್ತು. ಆದರೆ ಲೋಡ್ ಮಾಡಿದ ಕೂಡಲೇ ಆಟ ಆ ಫೈಲನ್ನು ಅಳಿಸಿಬಿಡುತ್ತಿತ್ತು. ಬಿಟ್ಟುಹೋದಲ್ಲಿಂದ ಮುಂದೆ ಹೋಗಬಹುದು, ಹಿಂದಕ್ಕೆ ಬರುವಂತಿಲ್ಲ. ಆಟಗಾರರು ಏನು ಮಾಡಿದರು? ಫೈಲ್‌ನ ಪ್ರತಿಯೊಂದನ್ನು ಬೇರೆ ಕಡೆ ಇಟ್ಟುಕೊಂಡರು. ಸೇವ್ ಸ್ಕಮ್ಮಿಂಗ್ ಬಂದದ್ದೇ ಇಂಥ ಆಟಗಳ ಜಗತ್ತಿನಿಂದ.

ನಮ್ಮ ಕಡೆ ಸೇವ್‌ಗೆ ಇನ್ನೊಂದು ಕಾರಣವೂ ಇತ್ತು. 2000ದ ಆಸುಪಾಸಿನಲ್ಲಿ ಮನೆಯಲ್ಲಿ ಕಂಪ್ಯೂಟರ್ ಇದ್ದವರು ಕಡಿಮೆ. ಸೈಬರ್ ಕೆಫೆಯಲ್ಲಿ ಗಂಟೆಗೆ ಇಷ್ಟು ಅಂತ ಕೊಟ್ಟು 'ಏಜ್ ಆಫ್ ಎಂಪೈರ್ಸ್ 2' ಆಡಬೇಕು. ಬೇಸಿಗೆಯಲ್ಲಿ ಕರೆಂಟ್ ಯಾವಾಗ ಹೋಗುತ್ತದೋ ಗೊತ್ತಿಲ್ಲ. ಯುಪಿಎಸ್ ಕೀಂಯ್ ಅಂದ ತಕ್ಷಣ ಸಾಲಾಗಿ ಕೂತವರೆಲ್ಲ ಒಂದೇ ಸಲ ಸೇವ್ ಒತ್ತುತ್ತಿದ್ದರು. ಮಾರನೇ ದಿನ ಅದೇ ಮಷಿನ್ ಸಿಗುವ ಗ್ಯಾರಂಟಿ ಇಲ್ಲ. ಸಿಕ್ಕರೂ ನಮ್ಮ ಸೇವ್ ಮೇಲೆ ಇನ್ನೊಬ್ಬ ತನ್ನದನ್ನು ಬರೆದಿರಬಹುದು. ಅದಕ್ಕೇ ಫೈಲ್‌ಗೆ ತಮ್ಮ ಹೆಸರು, ಊರಿನ ಹೆಸರು ಎಲ್ಲ ಸೇರಿಸಿ ಇಡುತ್ತಿದ್ದರು. ಸಿಂದಗಿ, ಇಂಡಿ, ಮುದ್ದೇಬಿಹಾಳ ಅಂತ ಸೇವ್‌ಗಳ ಪಟ್ಟಿ ಬಸ್‌ಸ್ಟ್ಯಾಂಡ್ ಬೋರ್ಡ್ ಥರ ಕಾಣುತ್ತಿತ್ತು. ಅಲ್ಲಿ ಬೆಳೆದವರಿಗೆ "ಸೇವ್ ಮಾಡುವುದು ಹೇಡಿಗಳ ಕೆಲಸ" ಅಂತ ಯಾರಾದರೂ ಹೇಳಿದರೆ ಅರ್ಥವೇ ಆಗುವುದಿಲ್ಲ.

ತೊಂಬತ್ತು ಅಂದರೆ ನೂರು ಅಲ್ಲ

ಅಣ್ಣನ ಮಗನ ದೂರಿನ ಮೊದಲ ಭಾಗ ಇನ್ನೂ ಬಾಕಿ ಇದೆ. ತೊಂಬತ್ತು ಪರ್ಸೆಂಟ್ ಯಾಕೆ ತಪ್ಪುತ್ತದೆ?

ಯಾಕೆಂದರೆ ಹತ್ತರಲ್ಲಿ ಒಂದು ಸಲ ತಪ್ಪಬೇಕು ಅಂತಲೇ ಅದರ ಅರ್ಥ. 90% ಇರುವ ಗುಂಡನ್ನು ಹತ್ತು ಸಲ ಹೊಡೆದರೆ ಹತ್ತೂ ತಗಲುವ ಸಾಧ್ಯತೆ 35%ಕ್ಕಿಂತ ಸ್ವಲ್ಪ ಕಡಿಮೆ. ಅಂದರೆ ಪ್ರತಿ ಕಾರ್ಯಾಚರಣೆಯಲ್ಲೂ ಇಂಥ ಹತ್ತು ಗುಂಡು ಹೊಡೆದರೆ, ಮೂರರಲ್ಲಿ ಎರಡು ಕಾರ್ಯಾಚರಣೆಗಳಲ್ಲಿ ಒಂದಾದರೂ ತಪ್ಪಿಯೇ ತಪ್ಪುತ್ತದೆ. ಆದರೆ ಮನಸ್ಸು 90ನ್ನು ನೋಡಿ "ಆಯ್ತು, ಮುಗೀತು" ಅಂದುಬಿಡುತ್ತದೆ.

ಸಿವಿಲೈಜೇಶನ್ ಸರಣಿಯ ಸಿಡ್ ಮೈಯರ್ 2010ರಲ್ಲಿ ಗೇಮ್ ಡೆವಲಪರ್ಸ್ ಕಾನ್ಫರೆನ್ಸ್‌ನಲ್ಲಿ ಇದೇ ವಿಷಯ ಮಾತಾಡಿದರು. ಮೂರಕ್ಕೆ ಒಂದರಂತೆ ತಮ್ಮ ಬಲ ಜಾಸ್ತಿ ಇದ್ದಾಗ ಸೋತರೆ ಆಟಗಾರರು ಸಿಟ್ಟಾಗುತ್ತಿದ್ದರು. ಅದೇ ಮೂರಕ್ಕೆ ಒಂದರಂತೆ ಶತ್ರುವಿನ ಬಲ ಜಾಸ್ತಿ ಇದ್ದು ತಾವು ಗೆದ್ದರೆ ಅದರಲ್ಲಿ ವಿಚಿತ್ರ ಏನೂ ಕಾಣುತ್ತಿರಲಿಲ್ಲ. ಕೊನೆಗೆ ಹಿಂದಿನ ಕದನದಲ್ಲಿ ಏನಾಯಿತು ಅನ್ನುವುದನ್ನೂ ಲೆಕ್ಕಕ್ಕೆ ಹಿಡಿಯುವಂತೆ ಆಟವನ್ನು ತಿದ್ದಿದರಂತೆ.

ತಿದ್ದಿದವರು ಅವರೊಬ್ಬರೇ ಅಲ್ಲ. ಜಪಾನಿನ 'ಫೈರ್ ಎಂಬ್ಲೆಮ್' ಸರಣಿ 1990ರಿಂದ ಇದೆ. ಅದರ 2002ರ ಆಟದಿಂದ ಒಂದು ಹೊಸ ಪದ್ಧತಿ ಬಂತು. ಒಂದರ ಬದಲು ಎರಡು ದಾಳ ಹಾಕಿ ಸರಾಸರಿ ತೆಗೆಯುತ್ತಾರೆ. ಪರದೆಯಲ್ಲಿ 90 ಅಂತ ಇದ್ದರೆ ನಿಜವಾಗಿ ತಗಲುವುದು 98.1%. 80 ಅಂತ ಇದ್ದರೆ 92.2%. 10 ಅಂತ ಇದ್ದರೆ ಬರೀ 2.1%. ಅಂದರೆ ನಮ್ಮ ಮನಸ್ಸು ಏನು ಅಂದುಕೊಳ್ಳುತ್ತದೋ ಅದಕ್ಕೆ ಹತ್ತಿರ. 'ಎಕ್ಸ್‌ಕಾಮ್ 2' ಕೂಡ ಸುಲಭದ ಮಟ್ಟಗಳಲ್ಲಿ, ಗುಂಡು ತಪ್ಪುತ್ತಾ ಹೋದಂತೆ ಮುಂದಿನದಕ್ಕೆ ಒಳಗಿಂದೊಳಗೇ ಸ್ವಲ್ಪ ಸಹಾಯ ಮಾಡುತ್ತದೆ. ಮೋಸ ಅಂತ ಇದ್ದರೆ ಅದು ಆಟಗಾರನ ಪರವಾಗಿಯೇ ಇದೆ!

ಲೋಡ್ ಮಾಡಿದರೆ ಲೆಕ್ಕ ಹೇಗೆ ತಲೆಕೆಳಗಾಗುತ್ತದೆ ಅಂತ ಈಗ ನೋಡಿ. ಶತ್ರು ಸೇನಾಪತಿಯನ್ನು ಒಂದೇ ಏಟಿಗೆ ಬೀಳಿಸುವ ಸಾಧ್ಯತೆ 10% ಇದೆ, ತಪ್ಪಿದರೆ ನಿಮ್ಮ ಒಳ್ಳೆಯ ಸೈನಿಕ ಹೋದ. ಬುದ್ಧಿ ಇದ್ದವರು ಆ ಕೆಲಸಕ್ಕೆ ಕೈ ಹಾಕುವುದಿಲ್ಲ. ಆದರೆ ಪ್ರತಿ ಲೋಡ್‌ಗೂ ಹೊಸ ದಾಳ ಬೀಳುವ ಆಟದಲ್ಲಿ ಏಳು ಸಲ ಪ್ರಯತ್ನಿಸಿದರೆ ಅರ್ಧಕ್ಕಿಂತ ಜಾಸ್ತಿ, 52% ಸಾಧ್ಯತೆ. ಇಪ್ಪತ್ತೆರಡು ಸಲಕ್ಕೆ 90%. ನಷ್ಟ ಏನೂ ಇಲ್ಲ, ನಿಮ್ಮ ಸಮಯ ಒಂದು ಬಿಟ್ಟು. ಹಾಗಾಗಿ ಲೋಡ್ ಮಾಡುವವನಿಗೆ ಹುಚ್ಚು ಸಾಹಸವೇ ಯಾವಾಗಲೂ ಸರಿಯಾದ ಆಯ್ಕೆ ಆಗಿಬಿಡುತ್ತದೆ. ಮರೆಯಲ್ಲಿ ನಿಲ್ಲುವುದು, ಹಿಂದೆ ಒಬ್ಬನನ್ನು ಕಾಯ್ದಿರಿಸುವುದು, ಹಿಮ್ಮೆಟ್ಟಲು ದಾರಿ ಇಟ್ಟುಕೊಳ್ಳುವುದು, ಇವೆಲ್ಲ ದಂಡದ ಖರ್ಚು ಅನ್ನಿಸತೊಡಗುತ್ತವೆ. ತಂತ್ರದ ಆಟದ ರುಚಿಯೇ ಇವುಗಳಲ್ಲಿ ಇರುವುದು. ದಾಳಕ್ಕಾಗಿ ಲೋಡ್ ಮಾಡುವುದನ್ನು ನಾನು ಬೇಡ ಅನ್ನುವುದು ಇದಕ್ಕೇ. ನಿಯಮ ಮುರಿದಿರಿ ಅಂತ ಅಲ್ಲ. ದುಡ್ಡು ಕೊಟ್ಟು ತಂದ ಆಟ ಒಂದು, ನೀವು ಆಡುತ್ತಿರುವ ಆಟ ಇನ್ನೊಂದು.

ಇದನ್ನು ಬರೆಯುವಾಗ ತಾಳಿಕೋಟೆ ಯುದ್ಧ ನೆನಪಾಗದೆ ಇರುವುದಿಲ್ಲ. ತಾಳಿಕೋಟೆ ಈಗ ವಿಜಯಪುರ ಜಿಲ್ಲೆಯ ಒಂದು ತಾಲ್ಲೂಕು. ಯುದ್ಧಕ್ಕೆ ರಕ್ಕಸಗಿ–ತಂಗಡಗಿ ಕದನ ಅಂತಲೂ ಹೆಸರಿದೆ. ಕೃಷ್ಣೆಯ ದಡದ ಈ ಎರಡು ಊರುಗಳಲ್ಲಿ ಒಂದು ಬಾಗಲಕೋಟೆ ಕಡೆ, ಇನ್ನೊಂದು ವಿಜಯಪುರ ಕಡೆ. 1565ರ ಜನವರಿಯಲ್ಲಿ ವಿಜಯನಗರದ ದೊಡ್ಡ ಸೇನೆ ಇಲ್ಲಿ ದಖ್ಖನ್ನಿನ ಸುಲ್ತಾನರ ಒಕ್ಕೂಟದ ಎದುರು ನಿಂತಿತು. ಅಳಿಯ ರಾಮರಾಯ ಸೆರೆಸಿಕ್ಕ, ಅವನ ತಲೆ ಕಡಿದರು. ಅದನ್ನು ಕಂಡ ಸೇನೆ ದಿಕ್ಕಾಪಾಲಾಯಿತು. ರಾಮರಾಯನ ತಮ್ಮ ತಿರುಮಲ ಖಜಾನೆ ತೆಗೆದುಕೊಂಡು ಪೆನುಕೊಂಡೆಗೆ ಹೋದ. ಸೋಲಿಗೆ ಇತಿಹಾಸಕಾರರು ಹಲವು ಕಾರಣ ಕೊಡುತ್ತಾರೆ. ತಂತ್ರದ ಆಟ ಆಡುವವನ ಕಣ್ಣಿಗೆ ಮೊದಲು ಬೀಳುವುದು ಮಾತ್ರ ಒಂದೇ: ಆ ಒಬ್ಬ ಬಿದ್ದ ಮೇಲೆ ಸೇನೆಯನ್ನು ಹಿಡಿದು ನಿಲ್ಲಿಸುವ ಎರಡನೆಯವನು ಅಲ್ಲಿ ಇರಲಿಲ್ಲ.

ನಾಯಕ ಬಿದ್ದ ಕೂಡಲೇ ಲೋಡ್ ಮಾಡುವವನಿಗೆ ಆ ಎರಡನೆಯವನು ಬೇಕು ಅಂತ ಅನ್ನಿಸುವುದೇ ಇಲ್ಲ. ಎಕ್ಸ್‌ಕಾಮ್‌ನಲ್ಲಿ ಇದು ಕಣ್ಣಿಗೆ ಕಾಣುತ್ತದೆ. ಅದೇ ಆರು ಜನರನ್ನು ಪ್ರತಿ ಸಲ ಕರೆದುಕೊಂಡು ಹೋಗುತ್ತಾರೆ, ಯಾರೂ ಸಾಯುವಂತಿಲ್ಲ. ಹೊಸಬರು ಬ್ಯಾರಕ್‌ನಲ್ಲೇ ಕೂತಿರುತ್ತಾರೆ. ಆಟ ಮುಂದೆ ಹೋದಂತೆ ಕಷ್ಟ ಜಾಸ್ತಿಯಾಗುತ್ತದೆ. ಗಾಯಗೊಂಡವರು ವಾಸಿಯಾಗಲು ಎಷ್ಟೋ ದಿನ ಹಿಡಿಯುತ್ತದೆ. ಆಗ ಕಳಿಸಲು ಪಳಗಿದ ಒಬ್ಬನೂ ಇರುವುದಿಲ್ಲ. ಮತ್ತೆ ಲೋಡ್. ಲೋಡ್ ಮಾಡಿದ್ದರಿಂದಲೇ ಇನ್ನಷ್ಟು ಲೋಡ್ ಮಾಡುವ ಗತಿ ಬರುತ್ತದೆ. ಸೋಲುತ್ತಾ ಆಡಿದವನ ಹತ್ತಿರ ಸತ್ತವರ ಪಟ್ಟಿ ಉದ್ದ ಇರುತ್ತದೆ, ನಿಜ. ಆದರೆ ಹೆಗಲು ಕೊಡುವ ಹತ್ತು ಮಂದಿಯೂ ತಯಾರಾಗಿರುತ್ತಾರೆ.

ಆದರೆ ಎಲ್ಲ ಲೋಡ್ ಒಂದೇ ಅಲ್ಲ

ಕೈ ಜಾರಿ ಬೇರೆ ಚೌಕದ ಮೇಲೆ ಒತ್ತಿದಿರಿ. ಫೋನಿನ ಚಿಕ್ಕ ಪರದೆಯಲ್ಲಿ ಇದು ದಿನಾ ಆಗುವಂಥದ್ದು. ಸೈನಿಕ ಮರದ ಹಿಂದೆ ಹೋಗುವ ಬದಲು ಬಯಲಿನಲ್ಲಿ ಹೋಗಿ ನಿಂತ. ಇದನ್ನು ಲೋಡ್ ಮಾಡಿ ಸರಿಪಡಿಸುವುದರಲ್ಲಿ ಏನೂ ತಪ್ಪಿಲ್ಲ. ಅದು ನಿಮ್ಮ ತೀರ್ಮಾನವೇ ಅಲ್ಲವಲ್ಲ. ಆಟದ ನಿಯಮ ಸರಿಯಾಗಿ ಹೇಳದೆ ನಿಮ್ಮನ್ನು ಹಳ್ಳಕ್ಕೆ ಕೆಡವಿದ್ದರೂ ಹಾಗೇ. ಇದರ ಬಗ್ಗೆ ವಾದ ಮಾಡುವುದು ಹೊತ್ತು ಕಳೆಯುವುದಷ್ಟೇ.

ಗೊತ್ತಿಲ್ಲದ್ದನ್ನು ತಿಳಿದುಕೊಳ್ಳಲು ಲೋಡ್ ಮಾಡುವುದು ಇನ್ನೊಂದು ಬಗೆ. ಏಜ್ ಆಫ್ ಎಂಪೈರ್ಸ್ ಥರದ ಆಟದಲ್ಲಿ ಗುಂಡು ತಗಲುವ ಪರ್ಸೆಂಟ್ ತೋರಿಸುವುದಿಲ್ಲ, ಆದರೆ ಭೂಪಟದ ಮೇಲೆ ಕತ್ತಲು ಕವಿದಿರುತ್ತದೆ. ಶತ್ರು ಉತ್ತರದಿಂದ ಬಂದು ಊರು ಸುಟ್ಟ ಮೇಲೆ ಲೋಡ್ ಮಾಡಿ, ಉತ್ತರಕ್ಕೇ ಗೋಡೆ ಕಟ್ಟಿದರೆ ಅದು ಮುಂಗಾಣ್ಕೆ ಅಲ್ಲ. ಬೇಹುಗಾರರನ್ನು ಕಳಿಸುವ ಕೆಲಸ ಅಲ್ಲಿಗೆ ಸತ್ತಿತು. ಇದು ದಾಳದ ಲೋಡ್‌ಗಿಂತ ಕಣ್ಣಿಗೆ ಕಡಿಮೆ ಬೀಳುತ್ತದೆ. ನನ್ನ ಲೆಕ್ಕದಲ್ಲಿ ಹಾನಿ ಅದಕ್ಕಿಂತ ಜಾಸ್ತಿ.

ಇನ್ನು ಒಂದು ಬಗೆಯ ಲೋಡ್ ಇದೆ, ಅದನ್ನು ನಾನು ಎಲ್ಲರಿಗೂ ಮಾಡಿ ಅಂತ ಹೇಳುತ್ತೇನೆ. ಕಲಿಯುವುದಕ್ಕಾಗಿ ಮಾಡುವುದು. ಇದಕ್ಕೆ 'ಬ್ಯಾಟಲ್ ಫಾರ್ ವೆಸ್ನೋತ್' ತುಂಬಾ ಒಳ್ಳೆಯದು. 2003ರಿಂದ ಇರುವ ಆಟ, ಪೂರ್ತಿ ಉಚಿತ, ಹಳೆಯ ಲ್ಯಾಪ್‌ಟಾಪ್‌ನಲ್ಲೂ ನಡೆಯುತ್ತದೆ, ಪ್ರತಿ ಸರದಿಗೂ ತಾನೇ ಸೇವ್ ಮಾಡಿಕೊಳ್ಳುತ್ತದೆ. ಇಲ್ಲಿ ಏಟು ತಗಲುವುದು ನಿಂತ ನೆಲದ ಮೇಲೆ ಹೋಗುತ್ತದೆ. ಸಾಮಾನ್ಯ ಮನುಷ್ಯ ಸೈನಿಕ ಬಯಲು ಹುಲ್ಲಿನ ಮೇಲೆ ನಿಂತಿದ್ದರೆ ಅವನಿಗೆ ಏಟು ತಗಲುವ ಸಾಧ್ಯತೆ 60%. ಕೋಟೆಯೊಳಗೆ ಇದ್ದರೆ 40%. ಆಳ ಇಲ್ಲದ ನೀರಿನಲ್ಲಿ ನಿಂತಿದ್ದರೆ 80%.

ಒಂದು ಕದನ ಸೋತಿರಿ ಅಂತ ಇಟ್ಟುಕೊಳ್ಳಿ. ಅದೇ ಸರದಿಯ ಸೇವ್ ತೆರೆಯಿರಿ. ಮೊದಲು ಸೈನಿಕರ ಸಾಲನ್ನು ನೀರಿನಿಂದ ಎರಡು ಮನೆ ಹಿಂದಕ್ಕೆ ತಂದು ಆಡಿ. ಆಮೇಲೆ ಮತ್ತೆ ತೆರೆದು, ಈ ಸಲ ಕೋಟೆ ಹಿಡಿದು, ಶತ್ರುವೇ ನೀರಿಗಿಳಿಯುವಂತೆ ಕಾದು ನೋಡಿ. ಯಾವುದರಲ್ಲಿ ಗೆದ್ದಿರಿ ಅನ್ನುವುದಕ್ಕಿಂತ, ಕೆಟ್ಟ ದಾಳ ಬಿದ್ದಾಗಲೂ ಯಾವುದು ನಿಂತಿತು ಅಂತ ನೋಡಬೇಕು. ಚೆಸ್ ಆಡುವವರು ಪಂದ್ಯ ಮುಗಿದ ಮೇಲೆ ಕೂತು ಕಾಯಿ ಹಿಂದಕ್ಕೆ ಇಟ್ಟು ನೋಡುವುದೂ ಇದೇ ಕೆಲಸ. ಪಂದ್ಯದ ಫಲಿತಾಂಶ ಬದಲಾಗುವುದಿಲ್ಲ, ಮುಂದಿನ ಪಂದ್ಯ ಬದಲಾಗುತ್ತದೆ. ಇಲ್ಲೂ ಅಷ್ಟೇ: ನೋಡಿ ಮುಗಿದ ಮೇಲೆ ಸೋತ ಸೇವ್‌ನಿಂದಲೇ ಆಟ ಮುಂದುವರಿಸಿದರೆ ಕಲಿತದ್ದೂ ಉಳಿಯಿತು, ಸೋತದ್ದೂ ಉಳಿಯಿತು.

ಆಟ ಮಾಡುವವರು ಹಿಡಿದ ದಾರಿಗಳು

ಬಿಗಿ ಮಾಡುವ ದಾರಿಗೆ ಐರನ್‌ಮ್ಯಾನ್ ಅಂತ ಹೆಸರು. ಒಂದೇ ಸೇವ್, ಅದನ್ನೂ ಆಟವೇ ಬರೆಯುತ್ತದೆ, ಹಳೆಯದರ ಮೇಲೆ. ಎಕ್ಸ್‌ಕಾಮ್‌ನಲ್ಲಿ ಇದು ಬೇಕಿದ್ದರೆ ಆರಿಸಿಕೊಳ್ಳುವ ಆಯ್ಕೆ. 2013ರಲ್ಲಿ 'ಯೂರೋಪಾ ಯೂನಿವರ್ಸಾಲಿಸ್ 4' ಬಂದಾಗ ಐರನ್‌ಮ್ಯಾನ್‌ನಲ್ಲಿ ಆಡಿದವರಿಗೆ ಮಾತ್ರ ಸಾಧನೆಯ ಪದಕಗಳು ಸಿಗುತ್ತಿದ್ದವು.

ಸಡಿಲ ಮಾಡುವ ದಾರಿಯೂ ಇದೆ, ನನಗೆ ಅದೇ ಜಾಸ್ತಿ ಹಿಡಿಸುತ್ತದೆ. ಫೈರ್ ಎಂಬ್ಲೆಮ್‌ನಲ್ಲಿ ಸತ್ತ ಪಾತ್ರ ಹೋದದ್ದೇ. ಆ ಪಾತ್ರಗಳಿಗೆ ಹೆಸರು, ಕಥೆ, ಗೆಳೆತನ ಎಲ್ಲ ಇರುವುದರಿಂದ ಜನ ಒಬ್ಬ ಸತ್ತ ಕೂಡಲೇ ಮಷಿನ್ ರಿಸೆಟ್ ಮಾಡುತ್ತಿದ್ದರು. ಮಾಡುವವರು ಇದನ್ನು ನೋಡಿದರು. 2010ರಲ್ಲಿ ಸತ್ತವರು ಮುಂದಿನ ಅಧ್ಯಾಯಕ್ಕೆ ತಿರುಗಿ ಬರುವ ಕ್ಯಾಶುವಲ್ ಮೋಡ್ ತಂದರು. 2017ರ 'ಎಕೋಸ್'ನಲ್ಲಿ, ಆಮೇಲೆ 2019ರ 'ಥ್ರೀ ಹೌಸಸ್'ನಲ್ಲಿ ಕದನದ ನಡುವೆಯೇ ಕಾಲ ಹಿಂದಕ್ಕೆ ತಿರುಗಿಸುವ ಶಕ್ತಿ ಕೊಟ್ಟರು. ಆದರೆ ಒಂದು ಕದನಕ್ಕೆ ಇಷ್ಟೇ ಸಲ ಅಂತ ಮಿತಿ ಇದೆ. ಈ ಮಿತಿಯಲ್ಲಿ ಇಡೀ ಜಾಣತನ ಇದೆ. ಹಿಂದಕ್ಕೆ ಹೋಗುವುದೂ ಈಗ ಬಾಣ, ಕುದುರೆಗಳ ಥರ ಲೆಕ್ಕ ಇಟ್ಟು ಖರ್ಚು ಮಾಡುವ ವಸ್ತು. ಇದನ್ನು ಈ ತಪ್ಪಿಗೆ ಬಳಸಲೋ, ಮುಂದೆ ಇದಕ್ಕಿಂತ ದೊಡ್ಡದು ಬರುತ್ತದೋ ಅಂತ ಯೋಚಿಸಬೇಕು. ಆ ಯೋಚನೆಯೇ ತಂತ್ರ.

2018ರ 'ಇನ್‌ಟು ದ ಬ್ರೀಚ್' ಇನ್ನೂ ಬುಡಕ್ಕೇ ಹೋಯಿತು. ಅಲ್ಲಿ ನಿಮ್ಮ ಏಟು ತಗಲುತ್ತದೋ ಇಲ್ಲವೋ ಅನ್ನುವ ಪ್ರಶ್ನೆಯೇ ಇಲ್ಲ. ಶತ್ರು ಮುಂದೆ ಎಲ್ಲಿಗೆ ಹೊಡೆಯುತ್ತಾನೆ ಅನ್ನುವುದೂ ಮೊದಲೇ ಪರದೆಯ ಮೇಲೆ ಕಾಣುತ್ತದೆ. ಪೂರ್ತಿ ಸರದಿಯನ್ನು ಹಿಂದಕ್ಕೆ ತೆಗೆದುಕೊಳ್ಳಬಹುದು, ಒಂದು ಕದನಕ್ಕೆ ಒಂದು ಸಲ. ಸೋತರೆ ದಾಳಕ್ಕೆ ಬೈಯಲು ಆಗುವುದಿಲ್ಲ. ಲೋಡ್ ಮಾಡಬೇಕು ಅಂತ ಮನಸ್ಸಿಗೆ ಬರುವುದೂ ಕಡಿಮೆ. ಆಟವನ್ನು ಹೀಗೆ ಕಟ್ಟಿದರೆ ಆಟಗಾರನನ್ನು ಕಟ್ಟಿಹಾಕುವ ಅಗತ್ಯ ಬೀಳುವುದಿಲ್ಲ.

ಅಣ್ಣನ ಮಗ ಈಗ ಐರನ್‌ಮ್ಯಾನ್ ಶುರು ಮಾಡುತ್ತೇನೆ ಅನ್ನುತ್ತಿದ್ದಾನೆ. ಅವನಿಗೆ ನಾನು ಹೇಳಿದ್ದು ಇದು: "ಮಾಡಪಾ, ಆದ್ರ ಮೊದಲ ಕರೆಂಟ್ ನೋಡ್ಕೊ." ಒಂದೇ ಫೈಲ್ ಇರುವ ಆಟದಲ್ಲಿ, ಅದನ್ನು ಬರೆಯುತ್ತಿರುವಾಗಲೇ ಕರೆಂಟ್ ಹೋದರೆ ಫೈಲ್ ಕೆಡಬಹುದು. ಆಗ ಹಲವು ವಾರಗಳ ಆಟ ಮಣ್ಣುಪಾಲು. ಡೆಸ್ಕ್‌ಟಾಪ್ ಆದರೆ ಯುಪಿಎಸ್ ಇರಲಿ, ಲ್ಯಾಪ್‌ಟಾಪ್ ಆದರೆ ಬ್ಯಾಟರಿ ತುಂಬಿರಲಿ. ವಾರಕ್ಕೊಮ್ಮೆ ಸೇವ್ ಫೋಲ್ಡರ್ ಹುಡುಕಿ, ಅದರ ಒಂದು ಪ್ರತಿ ಪೆನ್‌ಡ್ರೈವ್‌ಗೆ ಹಾಕಿ, ಆ ಪೆನ್‌ಡ್ರೈವನ್ನು ತಂಗಿಯ ಕೈಗೆ ಕೊಡು. ಫೈಲ್ ನಿಜವಾಗಿ ಕೆಟ್ಟಿದೆ ಅಂತ ಅವಳಿಗೆ ತೋರಿಸಿದರೆ ಮಾತ್ರ ಅವಳು ವಾಪಸ್ ಕೊಡಲಿ.